ಬಡ್ಡಿಯ ವಿಷಯ ಕಾಕಾನ ಮುಂದೆ ಎತ್ತಿದ್ದು

ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಬ್ಬರ ತಪ್ಪನ್ನು ಅವರ ಮುಂದೆಯೇ ಹೇಳುವ ಕೆಲಸ ಯಾರಿಗೂ ಬೇಡ. ಹಿಂದಿನಿಂದ ಆಡಿಕೊಳ್ಳೋದಕ್ಕೆ ಮಾತ್ರ ಜನ ಸಿಗುತ್ತಾರೆ. ಪ್ರಾರ್ಥನೆಯ ನೆಪದಲ್ಲೂ ಆಡಿಕೊಳ್ಳುತ್ತೇವೆ, "ಇಂಥವರ ಸಲುವಾಗಿ ಪ್ರಾರ್ಥನೆ ಮಾಡ್ರಿ, ಅವರು ಹಿಂಗ ಮಾಡ್ಲಿಕತ್ತಾರ" ಅಂತ. ನಾನು ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯ ಸಭೆಯಲ್ಲಿ ಹಿರಿಯ. ಆ ಕೆಲಸ ನನ್ನ ಪಾಲಿಗೆ ಬಂದಾಗ ಹೇಗೆ ಮಾಡಿದೆ ಅನ್ನೋದನ್ನು ಬರೆಯುತ್ತಿದ್ದೇನೆ.

ವಿಷಯ ಬಡ್ಡಿಯದು. ನಮ್ಮ ಸಭೆಯಲ್ಲಿ ಕೂಲಿಯವರೇ ಜಾಸ್ತಿ. ಸ್ವಲ್ಪ ಹೊಲ ಇದ್ದವರಿಗೆ ಜೂನ್‌ನಲ್ಲಿ ಸೋಯಾ, ತೊಗರಿ ಬಿತ್ತಲು ಬೀಜ ಗೊಬ್ಬರಕ್ಕೆ ದುಡ್ಡು ಬೇಕು. ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಹೋಗುವ ಮುಂಚೆ ಕೈಸಾಲ ಬೇಕು. ಇವರಿಗೆಲ್ಲ ಕೊಡುತ್ತಿದ್ದವರು ಸಭೆಯ ಮುಂದಿನ ಸಾಲಿನಲ್ಲಿ ಕೂರುವ ಒಬ್ಬ ದೊಡ್ಡವರು. ನಾನು ಚಿಕ್ಕಂದಿನಿಂದ ಅವರನ್ನು ಕಾಕಾ ಅಂತಲೇ ಕರೆಯೋದು. ತಿಂಗಳಿಗೆ ನೂರಕ್ಕೆ ಐದರ ಬಡ್ಡಿ. 10,000 ರೂಪಾಯಿ ತಗೊಂಡರೆ ವರ್ಷಕ್ಕೆ 6,000 ಬಡ್ಡಿಗೇ ಹೋಯಿತು, ಅಸಲು ಹಾಗೇ ಕೂತಿರುತ್ತೆ. ಒತ್ತೆಗೆ ಎಟಿಎಂ ಕಾರ್ಡು, ಪಿನ್ ನಂಬರ್ ಸಮೇತ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ಕೂಡಲೇ ಕಾಕಾನ ಕೈಗೆ.

ಒಂದು ಬುಧವಾರ ವಿಧವೆ ಅಕ್ಕ ಒಬ್ಬರ ಮನೆಯಲ್ಲಿ ಪ್ರಾರ್ಥನೆ ಇತ್ತು. ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡಿರಿ ಅಂದರು. ಮಾಡಿದೆವು. ಎಲ್ಲರೂ ಎದ್ದು ಹೋದ ಮೇಲೆ ಬಾಗಿಲ ಹತ್ತಿರ ಮೆಲ್ಲಗೆ ಹೇಳಿದರು: "ಗುಳಿಗಿ ತರ್ಲಾಕ ರೊಕ್ಕ ಇಲ್ಲ ಅಣ್ಣಾ. ಕಾರ್ಡ್ ಕಾಕಾನ ಬಲ್ಲಿ ಅದ." ನಾನು ಆ ವಾರ ದಿನಾ ಬೆಳಿಗ್ಗೆ ಓದುತ್ತಿದ್ದದ್ದು ಸತ್ಯವೇದದ (ಬೈಬಲಿನ) ನೆಹೆಮೀಯನ ಪುಸ್ತಕ. ಐದನೇ ಅಧ್ಯಾಯಕ್ಕೆ ಬಂದಿದ್ದೆ. ಯೆರೂಸಲೇಮಿನ ಗೋಡೆ ಕಟ್ಟುವ ಕೆಲಸದ ನಡುವೆ ಬಡವರು ಕೂಗಿಕೊಳ್ಳುತ್ತಾರೆ. ಹೊಲ, ಮನೆ, ದ್ರಾಕ್ಷಿ ತೋಟ ಎಲ್ಲ ಒತ್ತೆ ಇಟ್ಟಿದ್ದೇವೆ, ಮಕ್ಕಳನ್ನೂ ಜೀತಕ್ಕೆ ಕೊಡುವ ಹಾಗಾಗಿದೆ ಅಂತ. ಸಾಲ ಕೊಟ್ಟವರು ಪರದೇಶದವರಲ್ಲ, ಸ್ವಂತ ಅಣ್ಣತಮ್ಮಂದಿರು. ಆ ಅಧ್ಯಾಯ ಓದಿ ಮುಚ್ಚಿಡೋದು ನನ್ನಿಂದ ಆಗಲಿಲ್ಲ.

ಇದನ್ನು ನಾನು ದೇವರ ಎಚ್ಚರಿಕೆ ಅಂತ ತಗೊಂಡೆ. ಆದರೆ ಈ ಮಾತನ್ನು ಹಗುರವಾಗಿ ಆಡಬಾರದು. ನಮ್ಮ ಕಡೆ ಉಪವಾಸ ಪ್ರಾರ್ಥನೆಗಳಲ್ಲಿ ಕೆಲವರು ಎದ್ದು ನಿಂತು, "ನಿಮ್ಮ ಮನ್ಯಾಗ ಸಾವು ಬರೂದದ, ದೇವರು ತೋರಿಸ್ಯಾನ" ಅಂದುಬಿಡುತ್ತಾರೆ. ಅದನ್ನು ಕೇಳಿದ ತಾಯಂದಿರು ರಾತ್ರಿ ನಿದ್ದೆ ಮಾಡದೆ ಕೂತಿದ್ದನ್ನು ನೋಡಿದ್ದೇನೆ. ಪ್ರವಾದನೆಯನ್ನು ತಳ್ಳಿಹಾಕಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ ಅಂತ ಪೌಲನು ಥೆಸಲೋನಿಕದವರಿಗೆ ಬರೆದದ್ದು ಇದಕ್ಕೇ ಅಲ್ವಾ? ಸತ್ಯವೇದದಲ್ಲಿ ದೇವರ ಎಚ್ಚರಿಕೆ ನಾವು ಬದುಕುವ ರೀತಿಯನ್ನು ಹಿಡಿದು ಬರುತ್ತೆ, ತಿರುಗಿಕೊಳ್ಳಲು ದಾರಿ ಬಿಡುತ್ತೆ. ಪ್ರವಾದಿ ಯೋನನು 40 ದಿನದಲ್ಲಿ ನಿನೆವೆ ಪಟ್ಟಣ ನಾಶ ಅಂತ ಸಾರಿದ. ಊರು ತಿರುಗಿಕೊಂಡಿತು, ನಾಶವಾಗಲಿಲ್ಲ. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ ಅಂತ ದೇವರು ಹೇಳಿದ್ದು ಯೆಹೆಜ್ಕೇಲನ 33ನೇ ಅಧ್ಯಾಯದಲ್ಲಿ. ಕಾವಲುಗಾರನ ಮಾತು ಬರೋದೂ ಅಲ್ಲೇ. ನಮ್ಮ ಬೀದರ್ ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರಾ 71 ಅಡಿ ಎತ್ತರ. ಅದರ ಮೇಲೆ ಕಾವಲಿಗೆ ನಿಂತವನು ದಂಡು ಬರೋದನ್ನು ಕಂಡೂ ಕೊಂಬು ಊದದೆ ಇದ್ದರೆ, ಸತ್ತವರ ಲೆಕ್ಕವನ್ನು ಅವನೂ ಕೊಡಬೇಕಾಗುತ್ತೆ.

ಕಂಡ ಮೇಲೆ ಹೇಳಲೇಬೇಕು. ಹೇಗೆ ಅನ್ನೋದಕ್ಕೆ ನೆಹೆಮೀಯನೇ ದಾರಿ ತೋರಿಸಿದ. ಕೂಗು ಕೇಳಿ ಅವನಿಗೆ ಬಹಳ ಸಿಟ್ಟು ಬಂತು. ಆದರೆ ಮೊದಲು ತನ್ನೊಳಗೆ ವಿಚಾರ ಮಾಡಿದ, ಆಮೇಲೆ ಬಾಯಿ ತೆರೆದ. ನಾನು ಆ ಅಕ್ಕನ ಮನೆಗೆ ಮತ್ತೆ ಹೋಗಿ, ಹೆಂಡತಿಯನ್ನೂ ಜೊತೆಗೆ ಕೂರಿಸಿಕೊಂಡು, ಎಷ್ಟು ತಗೊಂಡಿದ್ದು, ಎಷ್ಟು ಹೋಗಿದ್ದು ಅಂತ ಪಾಸ್‌ಬುಕ್ ಇಟ್ಟುಕೊಂಡು ಒಂದು ಚೀಟಿಯಲ್ಲಿ ಬರೆದೆ. ಅಸಲಿಗಿಂತ ಜಾಸ್ತಿ ಆಗಲೇ ಹೋಗಿತ್ತು. ಕೊನೆಗೆ, "ನಿಮ್ಮ ಹೆಸರು ಹೇಳಲೇನು ಅಕ್ಕಾ?" ಅಂತ ಕೇಳಿದೆ. ಇದನ್ನು ಯಾರೂ ಬಿಡಬಾರದು. ನಾವು ಸತ್ಯ ಹೇಳಿ ಮನೆಗೆ ಬರುತ್ತೇವೆ, ಅದರ ಪೆಟ್ಟು ಬೀಳೋದು ಬಡವರ ಮೇಲೆ. ಅವರು ಎರಡು ದಿನ ಯೋಚಿಸಿ, "ಹೇಳ್ರಿ" ಅಂದರು.

ಭಾನುವಾರ ಪ್ರಸಂಗದಲ್ಲೇ ಬಡ್ಡಿ ಬಗ್ಗೆ ಹೇಳಿಬಿಡು ಅಂದವರೂ ಇದ್ದರು. ಸಣ್ಣ ಸಭೆ, ಯಾರಿಗೆ ಹೇಳಿದ್ದು ಅಂತ ಮಕ್ಕಳಿಗೂ ಗೊತ್ತಾಗುತ್ತೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಸಭೆಗೆ ಹೇಳೋದನ್ನು ಕೊನೆಗೆ ಇಟ್ಟಿದ್ದಾನೆ. ಮೊದಲು ನೀನೂ ಅವನೂ ಇಬ್ಬರೇ. ವಿಪರೀತ ಬಡ್ಡಿಯನ್ನು ನಿಷೇಧಿಸುವ 2004ರ ಕಾಯ್ದೆಯೂ ನಮ್ಮ ರಾಜ್ಯದಲ್ಲಿದೆ. ಅದನ್ನೂ ಆ ದಿನ ಎತ್ತಲಿಲ್ಲ. ನಾನು ಹೋಗಿದ್ದು ಅಣ್ಣತಮ್ಮನ ಹತ್ತಿರ.

ಸಂಜೆ ಹೊತ್ತು ಹೋದೆ. ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಉದ್ದು ಹಸನು ಮಾಡುತ್ತಿದ್ದರು. "ಬಾ ತಮ್ಮಾ, ಕೂಡು" ಅಂದರು. ನಾನೂ ಒಂದು ಹಿಡಿ ಉದ್ದು ಮುಂದೆ ಎಳೆದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಸತ್ಯವೇದ ತೆಗೆದು, ನೆಹೆಮೀಯ ಐದು ಓದಲೇನು ಅಂತ ಕೇಳಿ ಹನ್ನೆರಡನೇ ವಚನದ ತನಕ ಓದಿದೆ. ಅವರ ಕೈ ನಿಂತಿತು.

"ಕಾಕಾ, ಅಕ್ಕನ ಕಾರ್ಡ್ ನಿಮ್ಮ ಬಲ್ಲಿ ಅದ. ಅಕಿಗಿ ಗುಳಿಗಿ ತರ್ಲಾಕ ರೊಕ್ಕ ಇಲ್ಲ."

"ನಾ ಯಾರಿಗೂ ಕರದಿಲ್ಲ. ಅವರೇ ಬಂದು ಕೈ ಮುಗೀತಾರ. ಇವರಿಗಿ ಬ್ಯಾಂಕಿನವರು ಕೊಡ್ತಾರೇನು?"

ಆ ಮಾತಿನಲ್ಲಿ ನಿಜ ಇತ್ತು, ಹೌದು ಅಂದೆ. "ನೀವು ಕೊಟ್ಟಿದ್ದು ತಪ್ಪಲ್ಲ. ಕಾರ್ಡ್ ಇಟ್ಟುಕೊಂಡಿದ್ದು ತಪ್ಪು. ಅಸಲಿಗಿಂತ ಜಾಸ್ತಿ ಬಂದದ, ಲೆಕ್ಕ ಇಲ್ಲಿ ಅದ ನೋಡ್ರಿ."

ಚೀಟಿ ನೋಡಲಿಲ್ಲ. "ನಿನಗ ಯಾರು ಕಳಿಸ್ಯಾರ?" ಅಂದರು.

"ಯಾರೂ ಇಲ್ಲ ಕಾಕಾ. ಕಂಡಿದ್ದು ನಿಮಗ ಹೇಳದೆ ಬಿಟ್ರ ನಾಳಿ ದೇವರು ನನಗ ಕೇಳ್ತಾನ."

ಅವರು ಒಳಗೆ ಎದ್ದು ಹೋದರು. ನಾನು ಚೀಟಿಯನ್ನು ಹೊರಸಿನ ಮೇಲಿಟ್ಟು ಬಂದೆ.

ಆ ವಾರವೇ ಕಾರ್ಡ್ ಮೊಮ್ಮಗನ ಕೈಯಲ್ಲಿ ಅಕ್ಕನ ಮನೆಗೆ ಬಂತು. ಪಿನ್ ಬದಲಾಯಿಸಲು ನನ್ನ ಹೆಂಡತಿ ಅವರ ಜೊತೆ ಹೋದಳು. ಕಾಕಾ ಮಾತ್ರ ಬಹಳ ದಿನ ಸಭೆಗೆ ಬರಲಿಲ್ಲ, ನನ್ನ ಜೊತೆ ಮಾತೂ ಇಲ್ಲ. ಅವರಿಗೆ ಜ್ವರ ಬಂದಾಗ ನೋಡಲು ಹೋದೆ. ಹೇಳಿ ಕೈ ತೊಳೆದುಕೊಳ್ಳೋದಕ್ಕೆ ಬರಲ್ಲ. ಹೊಲ ಇದ್ದವರಿಗೆ ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಬೆಳೆ ಸಾಲ ಸಿಗುತ್ತೆ, ಅವರ ಪಹಣಿ, ಆಧಾರ್ ಹಿಡಿದು ನಾವೇ ಜೊತೆಗೆ ಹೋಗುತ್ತಿದ್ದೇವೆ. ಹೊಲ ಇಲ್ಲದವರದು ಇನ್ನೂ ಕಷ್ಟ. ಹೆಂಗಸರನ್ನು ಸ್ವಸಹಾಯ ಸಂಘಕ್ಕೆ ಸೇರಿಸಿದ್ದೇವೆ, ಆದರೆ ಆ ಸಾಲ ಬೇಕಾದ ದಿನಕ್ಕೇ ಕೈಗೆ ಬರಲ್ಲ.

ಕಾಕಾ ಈಗ ಸಭೆಗೆ ಬರುತ್ತಾರೆ. ಕಾರ್ಡ್ ಇಟ್ಟುಕೊಳ್ಳೋದು ನಿಂತಿದೆ. ಐದರ ಬಡ್ಡಿ ನಿಂತಿಲ್ಲ. ಮತ್ತಾಯ 18ರ ಪ್ರಕಾರ ಮುಂದೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಪಾಸ್ಟರ್ ಬರುತ್ತೇನೆ ಅಂದಿದ್ದಾರೆ. ಹೊಸ ಸಾಲ ಏಳೋದು ಬಿತ್ತನೆಗೆ, ಅದಕ್ಕೆ ಮುಂಚೆಯೇ ಹೋಗುತ್ತೇವೆ.