ಹಾಳುಬಿದ್ದ ಹಳ್ಳಿ ಸ್ಟೇಷನ್ನಿನ ಕಥೆ ಹುಡುಕುವುದು ಹೇಗೆ?

ಎಲ್ಲರೂ ಮೊದಲು ಕೇಳುವುದು "ಯಾವ ವರ್ಷ ಕಟ್ಟಿದ್ದು?" ಅಂತ. ಅದನ್ನು ಬಿಡಿ, ಅಲ್ಲಿ ಎಷ್ಟು ಅಗಲದ ಹಳಿ ಇತ್ತು ಅಂತ ಮೊದಲು ತಿಳಿದುಕೊಳ್ಳಿ.

ನಂದಿ ಹಾಲ್ಟ್, ಆವತಿಹಳ್ಳಿ, ದೊಡ್ಡಜಾಲದ ಕಡೆ ಹೋದರೆ ಈಗ ಕಾಣುವುದು ಬ್ರಾಡ್‌ಗೇಜ್ ಹಳಿ. ಆದರೆ ಪಕ್ಕದಲ್ಲಿರುವ ಹಳೇ ಕಟ್ಟಡಗಳು ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಕಾಲದವು. ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಶುರುವಾಗಿದ್ದು 1915ರಲ್ಲಿ. ಅದಕ್ಕೂ ಮೊದಲೇ, 1913ರಲ್ಲಿ, ಕೋಲಾರಕ್ಕೆ ಇದೇ ಅಗಲದ ಹಳಿ ಬಂದಿತ್ತು. ಕೋಲಾರ–ಚಿಕ್ಕಬಳ್ಳಾಪುರ ನಡುವೆ ಬ್ರಾಡ್‌ಗೇಜ್ ಆಗಿದ್ದು 2013ರಲ್ಲಿ, ಅಂದರೆ ಸರಿಯಾಗಿ ನೂರು ವರ್ಷ ಆದಮೇಲೆ!

ಇನ್ನು ಹೆಸರು. ಹಳೇ ಟೈಮ್‌ಟೇಬಲ್‌ನಲ್ಲಿ ಬಂಗಾರಪೇಟೆ ಅಂತ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಆಗ ಅದು ಬೌರಿಂಗ್‌ಪೇಟೆ. ನಿಮ್ಮ ಸ್ಟೇಷನ್ನಿಗೂ ಹಿಂದೆ ಬೇರೆ ಹೆಸರಿತ್ತಾ, ಇಂಗ್ಲಿಷಿನಲ್ಲಿ ಬೇರೆ ಥರ ಬರೆಯುತ್ತಿದ್ದರಾ ಅಂತ ನೋಡಿ.

ದಾಖಲೆ ಎಲ್ಲಿ ಸಿಗುತ್ತೆ ಅನ್ನುವುದು ಕಾಲದ ಮೇಲೆ ನಿಂತಿದೆ. 1951ರ ಏಪ್ರಿಲ್‌ನಲ್ಲಿ ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಗೆ ಸೇರಿತು, 2003ರಲ್ಲಿ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಬಂತು. ಸಂಸ್ಥಾನದ ಕಾಲದ್ದು ಬೇಕಾದರೆ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ, ಆಮೇಲಿನದಕ್ಕೆ ರೈಲ್ವೆಗೇ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ ಬರೀ 10 ರೂಪಾಯಿ. ಆದರೆ "ಇತಿಹಾಸ ಕೊಡಿ" ಅಂತ ಬರೆದರೆ ಸುಮ್ನೆ ಒಂದು ತಿಂಗಳು ಹಾಳು, ಅಷ್ಟೇ. ಸ್ಟೇಷನ್ ಮುಚ್ಚಿದ ಆದೇಶದ ಪ್ರತಿ, ಹಳೇ ಯಾರ್ಡ್ ನಕ್ಷೆ, ಹೀಗೆ ಇಂಥದ್ದೇ ಕಾಗದ ಬೇಕು ಅಂತ ಕೇಳಿ.

ಹಳಿಯ ಪಕ್ಕೆಯಲ್ಲಿ ಕಂಪನಿ ಹೆಸರು, ಇಸವಿ ಉಬ್ಬಿಕೊಂಡಿರುತ್ತದೆ. ನೋಡಿದ ತಕ್ಷಣ ಖುಷಿಯಾಗುತ್ತೆ, ಅಲ್ವಾ? ಆದರೆ ಅದು ಹಳಿ ತಯಾರಾದ ವರ್ಷ, ಸ್ಟೇಷನ್ ಕಟ್ಟಿದ್ದಲ್ಲ. ಎಲ್ಲೋ ಸವೆದ ಹಳಿಯನ್ನು ಇನ್ನೆಲ್ಲೋ ತಂದು ಹಾಕುವುದು, ಕೊನೆಗೆ ಬೇಲಿ ಕಂಬ ಮಾಡುವುದು ರೈಲ್ವೆಯಲ್ಲಿ ಮಾಮೂಲಿ. ಹಾಗಂತ ಇಸವಿ ಓದಲು ರೈಲು ಓಡಾಡುವ ಹಳಿ ಮೇಲೆ ಇಳಿಯಬೇಡಿ. ಅದು ಅಪರಾಧ, ಅಪಾಯ ಕೂಡ.

ಊರಿನ ಹಿರಿಯರನ್ನು ಇಸವಿ ಕೇಳಬೇಡಿ. ಸಂತೆಗೆ ಯಾವ ಗಾಡಿಗೆ ಹೋಗುತ್ತಿದ್ದಿರಿ, ಮೂಟೆ ಎಲ್ಲಿ ಇಳಿಸುತ್ತಿದ್ದರು, ಟಿಕೆಟ್ ಯಾರು ಕೊಡುತ್ತಿದ್ದರು, ನಿಮ್ಮ ಮದುವೆ ದಿಬ್ಬಣ ರೈಲಿನಲ್ಲೇ ಬಂತಾ ಅಂತ ಕೇಳಿ, ಆಮೇಲೆ ಮಧ್ಯೆ ಬಾಯಿ ಹಾಕದೆ ಕೂತುಕೊಳ್ಳಿ. ಮದುವೆ ವರ್ಷ ಮನೆಯಲ್ಲಿ ಯಾರಿಗಾದರೂ ನೆನಪಿದ್ದೇ ಇರುತ್ತೆ. ಆ ವರ್ಷ ರೈಲು ಓಡುತ್ತಿತ್ತು ಅಂತ ಬರೆದುಕೊಳ್ಳಿ.