ಆಕಾಶವನ್ನು ಎಂಟು ಪಾಲು ಮಾಡಿ ಮೋಡ ಅಳೆಯುವುದು

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಬಳಿ ನನ್ನದೊಂದು ಮಾವಿನ ತೋಟವಿದೆ. ಹೂ ಬಿಡುವ ಕಾಲಕ್ಕೆ ನನಗೆ ಮೋಡದ್ದೇ ಚಿಂತೆ. ದಿನಗಟ್ಟಲೆ ಕವಿದುಕೊಂಡರೆ ಹೂಗೊಂಚಲಿಗೆ ಬೂದಿ ರೋಗವೂ ಜಿಗಿಹುಳುವೂ ಏರುತ್ತವೆ. ‘ಸ್ವಲ್ಪ ಮೋಡವಿತ್ತು’ ಎಂದು ಬರೆದಿಟ್ಟರೆ ಮುಂದಿನ ವರ್ಷ ಅದರಿಂದ ಏನೂ ತಿಳಿಯದು. ಅಂಕಿಯೇ ಬೇಕು. ಹವಾಮಾನ ವೀಕ್ಷಕರ ಅಳತೆ ‘ಆಕ್ಟಾ’: ಇಡೀ ಆಕಾಶ 8 ಪಾಲು, ಅದರಲ್ಲಿ ಮೋಡ ಮುಚ್ಚಿದ್ದು ಎಷ್ಟು ಪಾಲು ಎಂಬ ಲೆಕ್ಕ. ಯಾವ ಉಪಕರಣವೂ ಬೇಡ.

ಮರಗಳ ನಡುವೆ ನಿಲ್ಲಬೇಡಿ. ಕೆರೆಯ ಏರಿಯೋ ಮನೆಯ ತಾರಸಿಯೋ ಒಳ್ಳೆಯದು. ಬೆಳಿಗ್ಗೆ 8.30, ಸಂಜೆ 5.30 ಹವಾಮಾನ ಇಲಾಖೆಯ ವೀಕ್ಷಣೆಯ ಹೊತ್ತುಗಳು, ಅವನ್ನೇ ಇಟ್ಟುಕೊಳ್ಳಿ. ಸೂರ್ಯನನ್ನು ನೇರವಾಗಿ ನೋಡಲೇಬಾರದು.

ನೆತ್ತಿಯ ಮೇಲೆ ಹಾಯುವಂತೆ ಉತ್ತರ–ದಕ್ಷಿಣ, ಪೂರ್ವ–ಪಶ್ಚಿಮ ಗೆರೆ ಎಳೆದುಕೊಳ್ಳಿ. ನಾಲ್ಕು ಕಾಲುಭಾಗ, ಒಂದೊಂದರಲ್ಲಿ 2 ಪಾಲು. ಚದುರಿದ ಮೋಡಗಳನ್ನು ಮನಸ್ಸಿನಲ್ಲೇ ಒಂದು ಮೂಲೆಗೆ ಒತ್ತರಿಸಿ, ಎಷ್ಟು ತುಂಬಿತು ನೋಡಿ, ನಾಲ್ಕನ್ನೂ ಕೂಡಿಸಿ. ಆಮೇಲೆ ನೀಲಿಯನ್ನು ಬೇರೆಯಾಗಿ ಅಂದಾಜಿಸಿ. ಎರಡೂ ಸೇರಿ 8 ಆಗದಿದ್ದರೆ ಇನ್ನೊಮ್ಮೆ ನೋಡಿ.

ಹೆಚ್ಚಿನವರು ನೆತ್ತಿಯನ್ನಷ್ಟೇ ನೋಡಿ ತೀರ್ಮಾನಿಸುತ್ತಾರೆ. ಅದು ಸಾಲದು. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮೇಲಕ್ಕೆ ಮೂರು ಮುಷ್ಟಿ ಪೇರಿಸಿ: ಅಷ್ಟರ ಕೆಳಗಿನ ಪಟ್ಟಿಯೇ, ಸುತ್ತಲೂ ಸೇರಿಸಿದರೆ, ಕಾಣುವ ಆಕಾಶದ ಅರ್ಧ! ಕೋಲಾರದ ಬಯಲಿನಲ್ಲಿ ಆ ಅರ್ಧ ಚೆನ್ನಾಗಿಯೇ ಕಾಣುತ್ತದೆ, ಬಿಡಬೇಡಿ. ಅಲ್ಲಿ ಮೋಡದ ಪಕ್ಕೆಯೂ ನಮಗೆ ಕಾಣುವುದರಿಂದ ನಡುವಿನ ಸಂದು ಮುಚ್ಚಿಹೋಗಿ, ಇರುವುದಕ್ಕಿಂತ ದಟ್ಟವೆನಿಸುತ್ತದೆ. ಅದನ್ನು ಕಳೆಯಲು ಹೋಗದೆ, ಕಂಡಷ್ಟನ್ನೇ ಎಣಿಸಿ.

ಅಂಚಿನ ನಿಯಮ ಕಟ್ಟುನಿಟ್ಟು. ಅಂಗೈಯಗಲ ಮೋಡವಿದ್ದರೂ 0 ಅಲ್ಲ, 1. ಒಂದೇ ಒಂದು ನೀಲಿ ಕಿಂಡಿ ಕಂಡರೂ 8 ಅಲ್ಲ, 7. ಚಳಿಗಾಲದ ಬೆಳಗಿನಲ್ಲಿ ಮಂಜು ಮುಸುಕಿ ಆಕಾಶವೇ ಕಾಣದಿದ್ದರೆ 9 ಎಂದು ಬರೆಯಿರಿ. ರಾತ್ರಿಯಾದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಬಿಟ್ಟು, ನಕ್ಷತ್ರಗಳು ಎಲ್ಲೆಲ್ಲಿ ಮರೆಯಾಗಿವೆ ಎಂದು ಹುಡುಕಿ.

ಎತ್ತರದ ತೆಳು ಮೋಡವೂ ಲೆಕ್ಕಕ್ಕೆ ಸೇರುತ್ತದೆ, ಅದರ ಮೂಲಕ ಬಿಸಿಲು ಬಿದ್ದರೂ ಸರಿ. ಆದರೆ ತೋಟಕ್ಕೆ ಎರಡೂ ಒಂದೇ ಅಲ್ಲವಾದ್ದರಿಂದ ನಾನು ಕೆಳಮೋಡವನ್ನು ಬೇರೆ ಅಂಕಣದಲ್ಲಿ ಬರೆಯುತ್ತೇನೆ: ‘ಒಟ್ಟು 6, ಕೆಳಗಿನದು 2.’