ಹಸೆ ಚಿತ್ತಾರದ ಪಟ್ಟಿ: ಮೊದಲು ಅಳತೆ, ಆಮೇಲೆ ಬಣ್ಣ

ಸಾಗರ, ಸೊರಬದ ಕಡೆ ದೀವರು ಸಮುದಾಯದ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಈಗ ಪೇಟೆಯ ಹೊಸ ಮನೆಗಳ ಹಾಲ್‌ಗೂ ಬಂದಿದೆ. ಕೆಂಪು ಗೋಡೆ, ಬಿಳಿ ಎಳೆ, ನೋಡಿದರೆ ಸುಲಭ. ಮೂಲೆಗೆ ಬಂದಾಗ ಮಾತ್ರ ಕೊನೆಯ ಚೌಕ ಅರ್ಧಕ್ಕೇ ನಿಂತಿರುತ್ತದೆ. ಅದು ಕೈಯ ತಪ್ಪಲ್ಲ, ಅಳೆಯದೆ ಎಡ ಮೂಲೆಯಿಂದ ಶುರು ಮಾಡಿದ ತಪ್ಪು. ಪೂರ್ತಿ ಹಸೆ ಬೇಕಿದ್ದರೆ ಪಳಗಿದ ಹೆಂಗಸರನ್ನೇ ಕರೆಸಿ, ಕೈತುಂಬ ಕೂಲಿ ಕೊಡಿ. ಇಲ್ಲಿ ಹೇಳುವುದು 20 ಸೆಂ.ಮೀ. ಎತ್ತರದ ಅಂಚಿನ ಪಟ್ಟಿ ಮಾತ್ರ: ಸಾಲು ಚೌಕ, ಒಂದೊಂದರೊಳಗೂ ಮೂಲೆಯಿಂದ ಮೂಲೆಗೆ ಓರೆ ಎಳೆ.

1. ಗೋಡೆಯ ಥಂಡಿ ನೋಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಒಳಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಮಲೆನಾಡಿನಲ್ಲಿ ಈ ಕೆಲಸ ಬೇಸಿಗೆಗೇ ಇಟ್ಟುಕೊಳ್ಳಿ.

2. ಪ್ರೈಮರ್, ಮೇಲೆ ಕೆಮ್ಮಣ್ಣು ಬಣ್ಣದ ಮ್ಯಾಟ್ ಎಮಲ್ಷನ್ ಎರಡು ಕೋಟ್. ಡಿಸ್ಟೆಂಪರ್ ಬೇಡ, ಒದ್ದೆ ಬಟ್ಟೆ ತಾಗಿದರೆ ಕೈಗೇ ಬರುತ್ತದೆ. ಹೊಳೆಯುವ ಎನಾಮಲ್ ಅಂತೂ ಬೇಡವೇ ಬೇಡ, ನೀರುಬಣ್ಣದ ಎಳೆ ಅದರ ಮೇಲೆ ನಿಲ್ಲುವುದಿಲ್ಲ. ಅದೇ ಡಬ್ಬಿಯ ಕೆಂಪನ್ನು ಒಂದು ಸಣ್ಣ ಬಾಟಲಿಯಲ್ಲಿ ತೆಗೆದಿಡಿ, ತಿದ್ದಲು ಬೇಕಾಗುತ್ತದೆ.

3. ಇನ್ನು ಅಳತೆ. ಅರ್ಧ ದಿನ ಹೋದರೂ ಹೋಗಲಿ. ಗೋಡೆ 356 ಸೆಂ.ಮೀ. ಇದೆ ಎನ್ನಿ. ಎರಡೂ ತುದಿಗೆ 3 ಸೆಂ.ಮೀ. ಬಿಟ್ಟರೆ ಉಳಿಯುವುದು 350. ಚೌಕ 20 ಆದರೆ ಹದಿನೇಳೂವರೆ ಬರುತ್ತದೆ. ಮೂಲೆಯ ಅರ್ಧ ಚೌಕ ಹುಟ್ಟುವುದು ಇಲ್ಲೇ. 350ನ್ನು 17ರಿಂದ ಭಾಗಿಸಿ, ಒಂದೊಂದಕ್ಕೂ 20.6 ಸಿಗುತ್ತದೆ. ಆರು ಮಿಲಿಮೀಟರ್ ಹೆಚ್ಚಿದ್ದು ಯಾರ ಕಣ್ಣಿಗೂ ಬೀಳದು. ಬೆಸ ಸಂಖ್ಯೆಯನ್ನೇ ಹಿಡಿಯಿರಿ, ಆಗ ಒಂದು ಚೌಕ ಗೋಡೆಯ ಸರಿ ನಡುವಿಗೆ ಬರುತ್ತದೆ.

ಗುರುತು ಹಾಕುವಾಗ ಸ್ಕೇಲನ್ನು ಎತ್ತಿ ಎತ್ತಿ ಇಡಬೇಡಿ. ಪ್ರತಿ ಸಲ 2 ಮಿ.ಮೀ. ತಪ್ಪಿದರೂ ಹದಿನೇಳನೆಯದಕ್ಕೆ ಮೂರು ಸೆಂ.ಮೀ. ದಾಟಿರುತ್ತದೆ. ಟೇಪನ್ನು ಒಂದೇ ತುದಿಗೆ ಕಚ್ಚಿಸಿ 20.6, 41.2, 61.8 ಎಂದು ಕೂಡಿಸುತ್ತ ಹೋಗಿ. ಎತ್ತರವನ್ನು ನೆಲದಿಂದ ಅಳೆಯಬೇಡಿ. ಹಳೆಯ ಹೆಂಚಿನ ಮನೆಗಳ ನೆಲ ಮಟ್ಟಸವಾಗಿರುವುದು ಅಪರೂಪ. ನೀರು ತುಂಬಿದ ಪೈಪಿನಿಂದ ಎರಡು ತುದಿಗೂ ಮಟ್ಟ ಹಿಡಿದು, ಸುಣ್ಣದ ಪುಡಿ ಸವರಿದ ದಾರ ಎಳೆದು ಹೊಡೆಯಿರಿ. ಕಿಟಕಿ ಅಡ್ಡ ಬಂದರೆ ಪಟ್ಟಿಯನ್ನು ಅದರ ಮೇಲಕ್ಕೇ ಏರಿಸಿ. ಪಕ್ಕದ ಗೋಡೆಗೆ ತಿರುಗಿಸಲೂ ಬೇಡಿ: ಒಂದು ಗೋಡೆ ಸಾಕು, ನಾಲ್ಕಕ್ಕೂ ಬರೆದರೆ ಹೋಟೆಲಿನಂತಾಗುತ್ತದೆ.

4. ಎಳೆ. ಮೂಲ ಪದ್ಧತಿಯಲ್ಲಿ ಪುಂಡಿ ನಾರಿನ ಕುಂಚ, ಅಕ್ಕಿಹಿಟ್ಟಿನ ಬಿಳಿ, ಸುಟ್ಟಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಮಣ್ಣಿನ ಗೋಡೆಯಿದ್ದರೆ ಅದನ್ನೇ ಬಳಸಿ: ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ನೀರುದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇಟ್ಟುಕೊಳ್ಳಿ. ಹಸಿಯಿದ್ದಾಗ ಅದು ಮಸುಕಾಗಿಯೇ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ತಾಳ್ಮೆಗೆಟ್ಟು ಮೇಲೊಂದು ಸಲ ಎಳೆದರೆ ದಪ್ಪವಾಗಿ ಸಿಪ್ಪೆ ಏಳುತ್ತದೆ. ಎಮಲ್ಷನ್ ಗೋಡೆಗೆ ಬಿಳಿ ಎಮಲ್ಷನ್ನೇ ಸರಿ. ಅಕ್ಕಿಹಿಟ್ಟಿಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ.

ಒಂದೇ ದಿಕ್ಕಿನ ಓರೆ ಎಳೆಗಳನ್ನೆಲ್ಲ ಮೊದಲು ಮುಗಿಸಿ, ಅರ್ಧ ಗಂಟೆ ಒಣಗಲು ಬಿಟ್ಟು, ಆಮೇಲೆ ಎದುರು ದಿಕ್ಕಿನವು. ಪ್ರತಿ ಎಳೆಯ ಎರಡೂ ಪಕ್ಕಕ್ಕೆ ಒಂದೊಂದು ಜೊತೆ ಎಳೆ, ನಡುವೆ 8 ಮಿ.ಮೀ. ಜಾಗ. ಪೆನ್ಸಿಲ್ ಗುರುತು ನಡುವಿನದಕ್ಕೆ ಮಾತ್ರ, ಪಕ್ಕದವು ಕಣ್ಣಳತೆಯಲ್ಲೇ ಬರಲಿ. ಮಣಿಕಟ್ಟು ಆಡಿಸದೆ ತೋಳಿನಿಂದ ಎಳೆಯಿರಿ. ತಪ್ಪಿದರೆ ತಕ್ಷಣ ಒದ್ದೆ ಬಟ್ಟೆ. ಒಣಗಿ ಹೋಗಿದ್ದರೆ ಬಾಟಲಿಯ ಕೆಂಪು.

ಮಾಸ್ಕಿಂಗ್ ಟೇಪ್ ಹಚ್ಚಿ ಬಳಿದ ಎಳೆ ಅಂಗಡಿಯ ಸ್ಟಿಕರ್‌ನಂತೆ ಕಾಣುತ್ತದೆ. ಸ್ಟಿಕರನ್ನೇ ಅಂಟಿಸುವವರಿದ್ದಾರೆ. ಅದರ ಅಂಚು ಎರಡನೇ ಮಳೆಗಾಲಕ್ಕೆ ಸುರುಳಿ ಸುತ್ತಿರುತ್ತದೆ, ಕೀಳಲು ಹೋದರೆ ಬಣ್ಣವೂ ಜೊತೆಗೆ ಬರುತ್ತದೆ.